ಡಾಲಿ ಊರಲ್ಲಿ ಚಿಕ್ಕಮ್ಮನ ಜೊತೆ

ಬುಧವಾರ: ಬೆಟ್ಟ ಹತ್ತಿ ಇಳಿದು

ಅಟ್ಲಾಂಟದಿಂದ ಸೆವೀರ್‌ವಿಲ್‌ಗೆ ಹೋಗಲು ಎರಡು ದಾರಿ. ಹೆದ್ದಾರಿ ಹಿಡಿದರೆ ಬೇಗ ತಲುಪಬಹುದು, ಆದರೆ ನೋಡಲು ಏನೂ ಇಲ್ಲ. ಇನ್ನೊಂದು 441ನೇ ನಂಬರಿನ ರಸ್ತೆ. ಅದು ಗ್ರೇಟ್ ಸ್ಮೋಕಿ ಬೆಟ್ಟಗಳನ್ನು ಹತ್ತಿ ಆಚೆ ಇಳಿಯುತ್ತದೆ. ಅಕ್ಟೋಬರ್ ತಿಂಗಳು, ಎಲೆ ಬಣ್ಣ ತಿರುಗುವ ಹೊತ್ತು. ಎರಡನೆಯದನ್ನೇ ಹಿಡಿದೆವು. ಕಾರು ಓಡಿಸಿದ್ದು ತಂಗಿ, ಅಂದ್ರೆ ಚಿಕ್ಕಮ್ಮನ ಮಗಳು. ಮುಂದಿನ ಸೀಟಲ್ಲಿ ಚಿಕ್ಕಮ್ಮ. ಹಿಂದೆ ನಾನು, ನನ್ನ ಪಕ್ಕದಲ್ಲಿ ದಾವಣಗೆರೆ ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಬೆಳಿಗ್ಗೆ ಬೇಗ ಎದ್ದು ಬೇಯಿಸಿದ ಚಪಾತಿ.

ಪ್ಲಾನ್ ತಂಗಿಯದ್ದು. ಅವಳು ಅಮೆರಿಕದ ಹಳ್ಳಿಗಾಡಿನ ಸಂಗೀತ, ಅಂದ್ರೆ ಕಂಟ್ರಿ ಮ್ಯೂಸಿಕ್ ಬರೆದು ಹಾಡುವ ಡಾಲಿ ಪಾರ್ಟನ್ ಅಭಿಮಾನಿ. ಡಾಲಿ ಹುಟ್ಟಿದ ಕಡೆಯಿಂದ ಶುರು ಮಾಡಿ ಹೆಸರು ಮಾಡಿದ ನ್ಯಾಶ್‌ವಿಲ್‌ವರೆಗೆ, ಅವರ ಬದುಕು ಸಾಗಿದ ದಿಕ್ಕಿನಲ್ಲೇ ನಾವೂ ಹೋಗೋಣ ಅಂದಳು. ಚಿಕ್ಕಮ್ಮ ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್. ಡಾಲಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ತಂಗಿ ಫೋನಿನಲ್ಲಿ ಫೋಟೋ ತೋರಿಸಿದಳು. ಗೋಪುರದ ಹಾಗೆ ಎತ್ತಿ ಕಟ್ಟಿದ ಹಳದಿ ವಿಗ್, ಮಿಂಚುವ ಬಟ್ಟೆ, ಉದ್ದ ಉಗುರು.

"ಏನೇ ಇದು ವೇಷ? ವಯಸ್ಸೆಷ್ಟು ಇವಳಿಗೆ?"

"ಎಂಬತ್ತರ ಹತ್ತಿರ ಅಮ್ಮಾ. ಇಷ್ಟು ಚೀಪಾಗಿ ಕಾಣೋಕೆ ಎಷ್ಟು ದುಡ್ಡು ಖರ್ಚಾಗುತ್ತೆ ಗೊತ್ತಾ ಅಂತ ಅವರೇ ತಮಾಷೆ ಮಾಡ್ತಾರೆ."

ಚಿಕ್ಕಮ್ಮ ನಕ್ಕರು. ಆಮೇಲೆ ಫೋನ್ ಇಸ್ಕೊಂಡು ಇನ್ನೊಂದು ಸಲ ನೋಡಿದರು.

ದಾರಿಯಲ್ಲಿ ಚೆರೊಕೀ ಎಂಬ ಊರು ಸಿಗುತ್ತದೆ, ಅದೇ ಹೆಸರಿನ ಮೂಲನಿವಾಸಿಗಳದ್ದು. ರಸ್ತೆ ಬೋರ್ಡುಗಳಲ್ಲಿ ಇಂಗ್ಲಿಷ್ ಜೊತೆ ಅವರದೇ ಲಿಪಿ ಇದೆ. ಇಂಗ್ಲಿಷ್ ಓದಲು ಬರೆಯಲು ಬಾರದ ಸಿಕ್ವೋಯಾ ಎಂಬುವರು ಇನ್ನೂರು ವರ್ಷದ ಹಿಂದೆ ಕಟ್ಟಿದ ಲಿಪಿ ಅದು. ಅಲ್ಲಿಂದ ಬರೀ ಏರು. ನ್ಯೂಫೌಂಡ್ ಗ್ಯಾಪ್ ತಲುಪಿದಾಗ 5,046 ಅಡಿ ಎತ್ತರ, ಕಿವಿ ಕೊರೆಯುವ ಗಾಳಿ. ಒಂದು ಕಡೆ ನಾರ್ತ್ ಕ್ಯಾರೊಲೈನಾ, ಇನ್ನೊಂದು ಕಡೆ ಟೆನಿಸ್ಸಿ. ಬೆಟ್ಟದ ಮೇಲೆ ಬೆಟ್ಟ, ಎಲ್ಲದರ ಮೇಲೂ ನೀಲಿ ಮಂಜು. ಚಪಾತಿ ಅಲ್ಲೇ ಖಾಲಿಯಾಯಿತು.

ಇಳಿದರೆ ಗ್ಯಾಟ್ಲಿನ್‌ಬರ್ಗ್. 2016ರ ನವೆಂಬರ್‌ನಲ್ಲಿ ಇಲ್ಲಿ ಕಾಡ್ಗಿಚ್ಚು ಊರೊಳಗೇ ನುಗ್ಗಿತ್ತು. ಹದಿನಾಲ್ಕು ಜನ ಸತ್ತರು. ಮನೆ ಸುಟ್ಟುಹೋದ ಕುಟುಂಬಗಳಿಗೆ ಡಾಲಿ ತಿಂಗಳಿಗೆ 1,000 ಡಾಲರ್ ಕೊಡುವ ನಿಧಿ ಮಾಡಿದರು. ಆರು ತಿಂಗಳ ಲೆಕ್ಕ. ಸಂಗ್ರಹವಾದ ದುಡ್ಡು ಜಾಸ್ತಿಯಾಯಿತು, ಕೊನೆಯ ಕಂತು 5,000 ಡಾಲರ್ ಆಯಿತು. ಕಾಫಿ ಅಂಗಡಿಯಲ್ಲಿ ಇದರ ಮಾತು ತೆಗೆದರೆ ಕೌಂಟರ್ ಹಿಂದಿನ ಹೆಂಗಸು ಕೆಲಸ ಬಿಟ್ಟು ಬಂದು ಮಾತಾಡಿದರು. ಇಲ್ಲಿನವರು ಯಾರೂ "ಪಾರ್ಟನ್" ಅನ್ನುವುದಿಲ್ಲ. ಎಲ್ಲರ ಬಾಯಲ್ಲೂ ಬರೀ ಡಾಲಿ, ಪಕ್ಕದ ಮನೆಯವರ ಬಗ್ಗೆ ಮಾತಾಡಿದ ಹಾಗೆ.

ಊರಿನ ಪೂರ್ವಕ್ಕೆ ಪಿಟ್‌ಮನ್ ಸೆಂಟರ್. ಅಲ್ಲಿ ಲಿಟ್ಲ್ ಪಿಜನ್ ನದಿ ದಂಡೆಯ ಒಂದೇ ಕೋಣೆಯ ಮನೆಯಲ್ಲಿ ಡಾಲಿ ಹುಟ್ಟಿದ್ದು, 1946ರ ಜನವರಿ 19ರಂದು. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವಳು. ಹೆರಿಗೆ ಮಾಡಿಸಿದ ಮಿಷನರಿ ಡಾಕ್ಟರ್ ರಾಬರ್ಟ್ ಥಾಮಸ್ ಅವರಿಗೆ ಕೊಡಲು ಅಪ್ಪನ ಹತ್ತಿರ ಕಾಸಿರಲಿಲ್ಲ. ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟು ಫೀಸು ತೀರಿಸಿದರು. ಚಿಕ್ಕಮ್ಮನಿಗೆ ಇದೇನೂ ಹೊಸದಲ್ಲ. "ನಮ್ಮ ಕಡೆ ಸೂಲಗಿತ್ತಿಗೂ ಕಾಳೇ ಕೊಡ್ತಿದ್ರು" ಎಂದರು. ಡಾಲಿ ಬೆಳೆದ ಲೋಕಸ್ಟ್ ರಿಜ್‌ನ ಮನೆ ಖಾಸಗಿ ಜಾಗ, ಜನರನ್ನು ಬಿಡುವುದಿಲ್ಲ. ಸರಿ ಅಂತ ಸುಮ್ನೆ ಆ ಕಡೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ತೊರೆ, ತಂಬಾಕು ಒಣಗಿಸುವ ಹಳೇ ಕೊಟ್ಟಿಗೆ, ಒಂದು ಚರ್ಚು, ಮತ್ತೆ ತೊರೆ.

ಸಂಜೆಗೆ ಸೆವೀರ್‌ವಿಲ್ ಕೋರ್ಟಿನ ಮುಂದೆ ನಿಂತಿದ್ದೆವು. ಅಲ್ಲಿ ಡಾಲಿಯ ಕಂಚಿನ ಪ್ರತಿಮೆ ಇದೆ. 1987ರಲ್ಲಿ ನಿಲ್ಲಿಸಿದ್ದು, ಶಿಲ್ಪಿ ಜಿಮ್ ಗ್ರೇ. ವಿಗ್ಗೂ ಇಲ್ಲ, ಮಿಂಚೂ ಇಲ್ಲ. ಬಂಡೆ ಮೇಲೆ ಗಿಟಾರ್ ಹಿಡಿದು ಬರಿಗಾಲಲ್ಲಿ ಕೂತ ಹುಡುಗಿ. ಇದರ ಬಗ್ಗೆ ಡಾಲಿ ಹೇಳುವ ಕಥೆ ನನಗೆ ತುಂಬಾ ಇಷ್ಟ. ಅವರ ಅಪ್ಪ ಲೀ ಪಾರ್ಟನ್‌ಗೆ ಓದು ಬರಹ ಬರುತ್ತಿರಲಿಲ್ಲ. ಮಗಳೆದುರು ಹೊಗಳುವ ಮನುಷ್ಯನೂ ಅಲ್ಲ. ಆದರೆ ರಾತ್ರಿ ಹೊತ್ತು ಪಿಕಪ್ ಗಾಡಿಯಲ್ಲಿ ಬಕೆಟ್ಟು, ಸೋಪು ನೀರು ಇಟ್ಟುಕೊಂಡು ಬಂದು, ಪ್ರತಿಮೆ ಮೇಲಿನ ಪಾರಿವಾಳದ ಹಿಕ್ಕೆ ತೊಳೆದು ಹೋಗುತ್ತಿದ್ದರಂತೆ.

ಗುರುವಾರ: ಡಾಲಿವುಡ್

ನಾವು ಉಳಿದಿದ್ದು ಪಿಜನ್ ಫೋರ್ಜ್‌ನ ಮೋಟೆಲ್‌ನಲ್ಲಿ. ಆ ಊರಿನ ಮೇನ್ ರೋಡ್ ನೋಡಬೇಕು. ತಲೆಕೆಳಗಾದ ಬಂಗಲೆ, ಟೈಟಾನಿಕ್ ಹಡಗಿನ ಆಕಾರದ ಮ್ಯೂಸಿಯಂ, ಪ್ಯಾನ್‌ಕೇಕ್ ಹೋಟೆಲುಗಳು, ಕಾರಿನ ಸಾಲು. ನನಗೇನೂ ಹಿಡಿಸಲಿಲ್ಲ. ಚಿಕ್ಕಮ್ಮನಿಗೆ ಜಾತ್ರೆ ನೋಡಿದ ಖುಷಿ.

ಮೋಟೆಲ್ ನಡೆಸುವವರು ಗುಜರಾತಿ. ಅಮೆರಿಕದ ಸಣ್ಣ ಊರುಗಳ ಮೋಟೆಲ್‌ಗಳಲ್ಲಿ ಇದು ಮಾಮೂಲು. ರಿಸೆಪ್ಷನ್ ಟೇಬಲ್ ಕೆಳಗೆ ಅವರ ಮೂರು ವರ್ಷದ ಮೊಮ್ಮಗಳು ಒಂದು ಚಿತ್ರದ ಪುಸ್ತಕ ಹರಡಿಕೊಂಡು ಕೂತಿತ್ತು. ಚಿಕ್ಕಮ್ಮ ನೆಲದ ಮೇಲೇ ಕೂತು ಪುಸ್ತಕ ಎತ್ತಿ ನೋಡಿದರು. ಹಿಂದಿನ ರಟ್ಟಿನ ಮೇಲೆ ಅಂಚೆ ಲೇಬಲ್, ಅದರಲ್ಲಿ ಮಗುವಿನದೇ ಹೆಸರು. ಇದು ಡಾಲಿ ಕಳಿಸಿದ್ದು ಎಂದರು ಮಗುವಿನ ಅಜ್ಜಿ.

ಇಮ್ಯಾಜಿನೇಷನ್ ಲೈಬ್ರರಿ ಅಂತ ಯೋಜನೆ. 1995ರಲ್ಲಿ ಇದೇ ಸೆವಿಯರ್ ಕೌಂಟಿಯಲ್ಲಿ ಶುರುವಾಯಿತು. ಮಗು ಹುಟ್ಟಿದಾಗಿನಿಂದ ಐದು ತುಂಬುವವರೆಗೆ ತಿಂಗಳಿಗೊಂದು ಪುಸ್ತಕ ಮನೆಗೇ ಬರುತ್ತದೆ, ಪುಕ್ಕಟೆ. ಅಪ್ಪ-ಅಮ್ಮನ ಸಂಬಳ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಅಂಚೆ ಖರ್ಚು, ಪುಸ್ತಕದ ಖರ್ಚಿಗೆ ಆಯಾ ಊರಿನ ಸಂಸ್ಥೆಗಳು ಕೈಜೋಡಿಸುತ್ತವೆ. ಟೆನಿಸ್ಸಿಯಲ್ಲಿ ರಾಜ್ಯ ಸರ್ಕಾರವೇ ಕೈ ಹಾಕಿ ಎಲ್ಲ 95 ಕೌಂಟಿಗಳಿಗೂ ಮುಟ್ಟಿಸಿತು. ಆಮೇಲೆ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡ್. ಇಲ್ಲಿಯವರೆಗೆ ಹೋದ ಪುಸ್ತಕಗಳ ಲೆಕ್ಕ 20 ಕೋಟಿ ದಾಟಿದೆ. ಓದಲು ಬಾರದ ಅಪ್ಪನನ್ನು ನೋಡಿ ಬೆಳೆದದ್ದರಿಂದ ಹುಟ್ಟಿದ ಯೋಚನೆ ಇದು. ಮಕ್ಕಳು ತಮ್ಮನ್ನು ಪುಸ್ತಕದ ಹೆಂಗಸು ಎಂದು ಕರೆಯುವುದು ಅಪ್ಪನಿಗೆ ತಮ್ಮ ಹಾಡಿಗಿಂತ ಜಾಸ್ತಿ ಹೆಮ್ಮೆ ತಂದಿತ್ತು ಎಂದು ಡಾಲಿ ಹೇಳುತ್ತಾರೆ.

ವಿಗ್ಗಿನ ಫೋಟೋ ನೋಡಿ ನಕ್ಕಿದ್ದ ಚಿಕ್ಕಮ್ಮ ಈಗ ಪೂರ್ತಿ ಡಾಲಿ ಪಕ್ಷ. "ಮೂವತ್ತು ವರ್ಷ ಪಾಠ ಮಾಡಿದೀನಿ. ಮಗು ಹೆಸರಿಗೆ ಮನೆ ಬಾಗಿಲಿಗೆ ಪುಸ್ತಕ ಬಂದಿದ್ದು ಒಂದು ದಿನ ನೋಡಿಲ್ಲ" ಎಂದರು.

ಡಾಲಿ ಹೆಸರಿನ ಥೀಮ್ ಪಾರ್ಕ್ ಡಾಲಿವುಡ್. ಅದರ ಟಿಕೆಟ್ ತಲೆಗೆ ಹತ್ತಿರ ಹತ್ತಿರ ನೂರು ಡಾಲರ್. ಕಡಿಮೆಯೇನಲ್ಲ. 1961ರಲ್ಲಿ ಇದೇ ಜಾಗದಲ್ಲಿ ರೆಬೆಲ್ ರೈಲ್‌ರೋಡ್ ಎಂಬ ಸಣ್ಣ ಪಾರ್ಕ್ ಇತ್ತು. ಅಂತರ್ಯುದ್ಧದ ಕಾಲದ ದಕ್ಷಿಣದವರ ರೈಲಿನ ಮೇಲೆ ಉತ್ತರದ ಸೈನಿಕರು ದಾಳಿ ಮಾಡುವ ಆಟ ಆಡಿಸಿ ತೋರಿಸುತ್ತಿದ್ದರಂತೆ. ಪಾರ್ಕ್ ಕೈಯಿಂದ ಕೈಗೆ ಹೋಯಿತು. 1986ರಲ್ಲಿ ಡಾಲಿ ಪಾಲುದಾರರಾಗಿ ಬಂದರು, ಹೆಸರು ಡಾಲಿವುಡ್ ಆಯಿತು. ಈ ಜಿಲ್ಲೆಯಲ್ಲಿ ಡಾಲಿವುಡ್‌ನಲ್ಲಿ ದುಡಿಯುವವರ ಪರಿಚಯ ಇಲ್ಲದ ಮನೆ ಸಿಗುವುದು ಕಷ್ಟ.

ಮೊದಲು ರೈಲು ಹತ್ತಿದೆವು. ನಿಜವಾದ ಕಲ್ಲಿದ್ದಲು ಉಗಿಬಂಡಿ. ಒಂದು ಕಾಲಕ್ಕೆ ಅಲಾಸ್ಕದ ಕಡೆ ಓಡುತ್ತಿದ್ದ ಇಂಜಿನ್ನು. ಕಿಡಿ, ಬೂದಿ ಹಾರುತ್ತೆ, ಕಣ್ಣು ಹುಷಾರು ಎಂದು ಮೊದಲೇ ಮೈಕಿನಲ್ಲಿ ಹೇಳುತ್ತಾರೆ. ಏರು ಹತ್ತುವಾಗ ಚಿಕ್ಕಮ್ಮನ ಕ್ರೀಮ್ ಬಣ್ಣದ ಸ್ವೆಟರ್ ಮೇಲೆ ಕರೀ ಚುಕ್ಕೆ ಬೀಳತೊಡಗಿದವು. ಅವರಿಗೆ ಚಿಕ್ಕಂದಿನಲ್ಲಿ ಹರಿಹರದಿಂದ ಹೋಗುತ್ತಿದ್ದ ಉಗಿಬಂಡಿಯ ನೆನಪು. ಸ್ವೆಟರಿನ ಚಿಂತೆ ನನಗೆ ಮಾತ್ರ.

ಆಮೇಲೆ ಗಿರಣಿ. ನೀರಿನ ಚಕ್ರದಿಂದ ತಿರುಗುವ ಹಿಟ್ಟಿನ ಗಿರಣಿ, ಅದರ ಪಕ್ಕ ಸಿನ್ನಮನ್ ಬ್ರೆಡ್ಡಿಗೆ ಉದ್ದದ ಕ್ಯೂ. ಕಿಟಕಿಯಿಂದ ಮಾಡುವುದು ಕಾಣುತ್ತದೆ. ಹುಡುಗಿಯೊಬ್ಬಳು ಹಿಟ್ಟಿನ ಮುದ್ದೆಗೆ ಚಾಕುವಿನಿಂದ ಗೆರೆ ಹಾಕಿದಳು. ಕರಗಿದ ಬೆಣ್ಣೆಯ ಬೋಗುಣಿಯಲ್ಲಿ ಪೂರ್ತಿ ಮುಳುಗಿಸಿದಳು. ಎತ್ತಿ ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿ ಅಚ್ಚಿಗೆ ಹಾಕಿದಳು. ಬಿಸಿಬಿಸಿ ಕೈಗೆ ಬಂದಾಗ ಕಾಗದದ ತಟ್ಟೆಯ ತಳದಲ್ಲಿ ಬೆಣ್ಣೆ ಕೆರೆ ಕಟ್ಟಿತ್ತು. ತುಂಡು ಕಿತ್ತು ಸೇಬಿನ ಗೊಜ್ಜಿನಲ್ಲಿ ಅದ್ದಿ ತಿನ್ನಬೇಕು. ಮಾತಾಡದೆ ತಿಂದೆವು. ಮಿಕ್ಕ ಊಟದ ವಿಷಯ ಬೇಡ. ಈ ಕಡೆ ಹುರುಳಿಕಾಯಿ ಪಲ್ಯ, ಸೊಪ್ಪು, ಕಾಳು ಯಾವುದೇ ಇರಲಿ, ಹಂದಿ ಮಾಂಸ ಹಾಕಿ ಬೇಯಿಸುವುದೇ ರೂಢಿ. ಕೇಳಿಯೇ ತಿನ್ನಬೇಕು. ಮಂಡಕ್ಕಿ ಕೈ ಹಿಡಿಯಿತು.

ಪಾರ್ಕಿನೊಳಗೆ ಡಾಲಿ ಬೆಳೆದ ಮನೆಯ ನಕಲು ಇದೆ. ಡಾಲಿಯ ತಮ್ಮ ಬಾಬಿ ಕಟ್ಟಿದ್ದು, ಒಳಗಿನ ಸಾಮಾನು ಅಮ್ಮ ಏವೀ ಲೀ ಜೋಡಿಸಿದ್ದು. ಗೋಡೆಗೆ ಹಳೇ ಪೇಪರ್ ಅಂಟಿಸಿದ್ದಾರೆ, ಮೂಲೆಯಲ್ಲಿ ಒಲೆ. ಬಾಗಿಲಿಗೆ ಗಾಜು, ಹೊರಗಿನಿಂದಲೇ ಇಣುಕಬೇಕು. ನನಗೆ ಇಲ್ಲಿ ಸ್ವಲ್ಪ ಕಸಿವಿಸಿಯಾಯಿತು. ನೂರು ಡಾಲರ್ ಟಿಕೆಟ್ ತಗೊಂಡು ಇನ್ನೊಬ್ಬರ ಬಡತನ ನೋಡಿ, ಹೊರಗೆ ಬಂದು ಐಸ್‌ಕ್ರೀಮ್ ತಿನ್ನೋದು ಅಂದ್ರೆ ಏನು? ತಂಗಿ ಒಪ್ಪಲಿಲ್ಲ. "ಅವರ ಮನೆ, ಅವರ ಬಡತನ, ಅವರೇ ತೋರಿಸ್ತಿದಾರೆ. ಬೇರೆ ಯಾರೋ ತೋರಿಸಿ ದುಡ್ಡು ಮಾಡಿದ್ರೆ ಆಗ ಬೈಯಿ" ಎಂದಳು. ಈ ಮಾತು ನನ್ನ ತಲೆಯಲ್ಲಿ ನ್ಯಾಶ್‌ವಿಲ್‌ವರೆಗೂ ಬಂತು.

ಮ್ಯೂಸಿಯಂನಲ್ಲಿ ಜಾಸ್ತಿ ಹೊತ್ತು ಕಳೆದದ್ದು ಕೋಟಿನ ಕಥೆಯ ಮುಂದೆ. ಚಳಿಗಾಲಕ್ಕೆ ಕೋಟು ಕೊಳ್ಳಲು ದುಡ್ಡಿಲ್ಲದೆ ಅಮ್ಮ ಯಾರೋ ಕೊಟ್ಟ ಬಟ್ಟೆ ಚೂರುಗಳನ್ನೇ ಸೇರಿಸಿ ಹೊಲಿದುಕೊಟ್ಟರು. ಹೊಲಿಯುತ್ತಾ ಬೈಬಲ್‌ನ ಜೋಸೆಫ್‌ನ ಬಣ್ಣದ ಕೋಟಿನ ಕಥೆ ಹೇಳಿದರು. ಹುಡುಗಿ ಹೆಮ್ಮೆಯಿಂದ ಹಾಕಿಕೊಂಡು ಸ್ಕೂಲಿಗೆ ಹೋದರೆ ಮಕ್ಕಳೆಲ್ಲ ಗೇಲಿ ಮಾಡಿದರು. 1969ರಲ್ಲಿ ಟೂರ್ ಬಸ್ಸಿನಲ್ಲಿ ಇದು ಹಾಡಾಗಿ ಬಂತು. ಬರೆಯಲು ಕಾಗದ ಇರಲಿಲ್ಲ. ಜೊತೆಗಾರ ಗಾಯಕ ಪೋರ್ಟರ್ ವ್ಯಾಗನರ್ ಅವರ ಸೂಟಿಗೆ ಸಿಕ್ಕಿಸಿದ್ದ ಡ್ರೈ ಕ್ಲೀನಿಂಗ್ ಚೀಟಿ ಕಿತ್ತುಕೊಂಡು ಅದರ ಹಿಂದೆ ಬರೆದರು. "ಕೋಟ್ ಆಫ್ ಮೆನಿ ಕಲರ್ಸ್" 1971ರಲ್ಲಿ ಬಂದು ಗೆದ್ದ ಮೇಲೆ ಪೋರ್ಟರ್ ಆ ಚೀಟಿಗೆ ಫ್ರೇಮ್ ಹಾಕಿಸಿದರು. ಮೊದಲಿನ ಕೋಟು ಉಳಿದಿಲ್ಲ. ಅಮ್ಮ ಆಮೇಲೆ ಅಂಥದ್ದೇ ಇನ್ನೊಂದು ಹೊಲಿದರು.

ಚಿಕ್ಕಮ್ಮ ಹೊಲಿಗೆ ನೋಡಿ, "ಇದು ಕೌದಿ ಅಲ್ವೇನೇ!" ಎಂದರು. ಕೌದಿಯೇ. ತೋಳು ಇಟ್ಟ ಕೌದಿ.

ಶುಕ್ರವಾರ: ಒಂದು ಗಂಟೆ ಹಿಂದಕ್ಕೆ

ನ್ಯಾಶ್‌ವಿಲ್‌ಗೆ ಇನ್ನೂರು ಮೈಲಿಗಿಂತ ಸ್ವಲ್ಪ ಜಾಸ್ತಿ. ದಾರಿಯಲ್ಲಿ ನಾಕ್ಸ್‌ವಿಲ್. ಕ್ಯಾಸ್ ವಾಕರ್ ಎಂಬ ದಿನಸಿ ಅಂಗಡಿಗಳ ಮಾಲೀಕ ಇಲ್ಲಿ ರೇಡಿಯೋ, ಟೀವಿ ಕಾರ್ಯಕ್ರಮ ನಡೆಸುತ್ತಿದ್ದರು. ಸೋದರಮಾವ ಬಿಲ್ ಓವೆನ್ಸ್ ಹತ್ತು ವರ್ಷದ ಡಾಲಿಯನ್ನು ಅಲ್ಲಿಗೆ ಕರೆತಂದರು. ಬೆಟ್ಟದ ಹುಡುಗಿ ಟೀವಿಯಲ್ಲಿ ಹಾಡಿದಳು, ಆದರೆ ಅವರ ಮನೆಯಲ್ಲಿ ಟೀವಿ ಇರಲಿಲ್ಲ. 1959ರಲ್ಲಿ ಅಜ್ಜಿಯ ಜೊತೆ ಬಸ್ಸು ಹತ್ತಿ ಲೂಸಿಯಾನದವರೆಗೆ ಹೋಗಿ ಮೊದಲ ರೆಕಾರ್ಡ್ ಮಾಡಿದಾಗ ವಯಸ್ಸು ಹದಿಮೂರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆಯನ್ನೂ ಹತ್ತಿದಳು. ಪರಿಚಯ ಮಾಡಿಕೊಟ್ಟವರು ಜಾನಿ ಕ್ಯಾಶ್.

1964ರಲ್ಲಿ ಹೈಸ್ಕೂಲು ಮುಗಿಯಿತು. ಮುಂದೇನು ಮಾಡ್ತೀರಿ ಎಂದು ಸಮಾರಂಭದಲ್ಲಿ ಒಬ್ಬೊಬ್ಬರನ್ನೂ ಕೇಳಿದರಂತೆ. ನ್ಯಾಶ್‌ವಿಲ್‌ಗೆ ಹೋಗಿ ಸ್ಟಾರ್ ಆಗ್ತೀನಿ ಎಂದಳು ಡಾಲಿ. ಎಲ್ಲರೂ ನಕ್ಕರು. ಮಾರನೇ ದಿನ ಬೆಳಿಗ್ಗೆ ಬಸ್ ಹತ್ತಿದಳು.

ನಾವೂ ಅದೇ ಕಡೆ ಹೊರಟಿದ್ದೆವು. ನಾಕ್ಸ್‌ವಿಲ್ ದಾಟಿ ಬೆಟ್ಟ ಹತ್ತುತ್ತಿದ್ದಂತೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಟೆನಿಸ್ಸಿಯಲ್ಲಿ ಎರಡು ಟೈಮ್ ಝೋನ್. ಹನ್ನೆರಡಕ್ಕೆ ಹಸಿವಾದದ್ದು ಮತ್ತೆ ಹನ್ನೊಂದಾಯಿತು. ಚಿಕ್ಕಮ್ಮ ಇದನ್ನು ಒಪ್ಪಲೇ ಇಲ್ಲ, ತಮ್ಮ ವಾಚು ತಿರುಗಿಸಲಿಲ್ಲ.

ರಾತ್ರಿ ಆಪ್ರಿ. 1925ರಲ್ಲಿ ರೇಡಿಯೋ ಕಾರ್ಯಕ್ರಮವಾಗಿ ಶುರುವಾದದ್ದು ಈಗಲೂ ನಡೆಯುತ್ತಿದೆ, ಈಗಲೂ ರೇಡಿಯೋದಲ್ಲಿ ನೇರ ಪ್ರಸಾರ. ಒಬ್ಬರು ಬಂದು ಎರಡು ಮೂರು ಹಾಡು ಹಾಡಿ ಹೋಗುತ್ತಾರೆ. ನಡುವೆ ಅನೌನ್ಸರ್ ಜಾಹೀರಾತು ಓದುತ್ತಾನೆ, ಅದಕ್ಕೂ ಜನ ಚಪ್ಪಾಳೆ ಹೊಡೆಯುತ್ತಾರೆ! ವೇದಿಕೆಯ ನಡುವೆ ಮರದ ಬಣ್ಣ ಬೇರೆಯಾದ ಒಂದು ವೃತ್ತ ಇದೆ. 1974ರಲ್ಲಿ ಆಪ್ರಿ ಹಳೇ ರೈಮನ್ ಆಡಿಟೋರಿಯಂ ಬಿಟ್ಟು ಇಲ್ಲಿಗೆ ಬಂದಾಗ ಅಲ್ಲಿನ ವೇದಿಕೆಯ ಹಲಗೆ ಕತ್ತರಿಸಿ ತಂದು ಇಲ್ಲಿ ಕೂರಿಸಿದರು. 2010ರ ಪ್ರವಾಹದಲ್ಲಿ ವೇದಿಕೆಯ ಮೇಲೂ ನೀರು ನಿಂತಿತ್ತು. ವೃತ್ತ ಉಳಿಯಿತು. ಹಾಡುವವರು ಅದರೊಳಗೆ ಕಾಲಿಡುವ ಮುಂಚೆ ಒಂದು ಕ್ಷಣ ಕೆಳಗೆ ನೋಡುತ್ತಾರೆ. ಹೊಸಬರು ಮಾತ್ರವಲ್ಲ, ತಲೆ ನರೆತವರೂ.

ಡಾಲಿ ಆಪ್ರಿ ಸದಸ್ಯರಾದದ್ದು 1969ರಲ್ಲಿ. ನಾವು ಹೋದ ರಾತ್ರಿ ಅವರು ಬಂದಿರಲಿಲ್ಲ, ಬರುತ್ತಾರೆಂದು ನಾವೂ ಅಂದುಕೊಂಡಿರಲಿಲ್ಲ. ಸ್ಟೀಲ್ ಗಿಟಾರ್ ಮಾತ್ರ ಮನಸಾರೆ ಕೇಳಿದೆವು. ನಮ್ಮ ಹಳೇ ಸಿನಿಮಾ ಹಾಡುಗಳಲ್ಲಿ ಹವಾಯಿಯನ್ ಗಿಟಾರ್ ಎಂದು ಬರುತ್ತದಲ್ಲ, ಅದರ ಸಂಬಂಧಿ. ಇದರದ್ದೂ ಒಂದು ಕಥೆ ಇದೆ. 1977ರಲ್ಲಿ ಡಾಲಿ "ಹಿಯರ್ ಯು ಕಮ್ ಅಗೇನ್" ಹಾಡಿ ಪಾಪ್ ಕಡೆ ಹೊರಳಿದರು. ಹಾಡು ಬೇರೆಯವರು ಬರೆದದ್ದು, ಪಿಯಾನೋ ಜಾಸ್ತಿ. ಕಂಟ್ರಿ ಬಿಟ್ಟು ಹೋದಳು ಅಂತ ಜನ ಬೈಯುತ್ತಾರೆಂದು ಹೆದರಿ, ಹಾಡಿನಲ್ಲಿ ಸ್ಟೀಲ್ ಗಿಟಾರ್ ಇರಲೇಬೇಕು ಎಂದು ಹಟ ಹಿಡಿದು ಸೇರಿಸಿದರು. ಹಾಡು ಹತ್ತು ಲಕ್ಷಕ್ಕೂ ಮೀರಿ ಮಾರಿತು. ಬೈಯುವವರು ಬೈದರು. ಮೂರು ವರ್ಷಕ್ಕೆ ಸಿನಿಮಾ, ಅದರ ಹಾಡು "ನೈನ್ ಟು ಫೈವ್". ಶೂಟಿಂಗ್ ಜಾಗದಲ್ಲಿ ತಮ್ಮ ಕೃತಕ ಉಗುರುಗಳನ್ನು ಒಂದಕ್ಕೊಂದು ಉಜ್ಜಿ ಟೈಪ್‌ರೈಟರ್ ಸದ್ದು ಮಾಡುತ್ತಾ ಕಟ್ಟಿದ ಹಾಡು ಅದು. ಆ ಉಗುರಿನ ಸದ್ದು ರೆಕಾರ್ಡಿನಲ್ಲೂ ಇದೆ.

ಶನಿವಾರ: ಹಾಡು ಯಾರದ್ದು?

ಡೌನ್‌ಟೌನ್‌ನ ಬ್ರಾಡ್‌ವೇ ಬೆಳಿಗ್ಗೆ ಹತ್ತಕ್ಕೇ ಗದ್ದಲ. ಪ್ರತಿ ಬಾರಿನಲ್ಲೂ ಒಂದೊಂದು ಬ್ಯಾಂಡು, ಬಾಗಿಲು ತೆರೆದೇ ಇರುತ್ತದೆ. ಮದುವೆಗೆ ಮುಂಚಿನ ಪಾರ್ಟಿಗೆ ಬಂದ ಹುಡುಗಿಯರು ಗುಲಾಬಿ ಟೋಪಿ ಹಾಕಿಕೊಂಡು ತೆರೆದ ಗಾಡಿಯಲ್ಲಿ ಕಿರುಚುತ್ತಾ ಹೋಗುತ್ತಾರೆ. ಬೇಗ ದಾಟಿದೆವು. ರೈಮನ್ ಒಳಗೆ ಹೋದರೆ ತಂಪು. 1892ರಲ್ಲಿ ಪ್ರಾರ್ಥನೆಗೆಂದು ಕಟ್ಟಿದ್ದು, ಇನ್ನೂ ಚರ್ಚಿನ ಮರದ ಬೆಂಚುಗಳೇ ಇವೆ.

ಡಾಲಿ ಹಾಡುಗಳು ರೆಕಾರ್ಡ್ ಆದ ಆರ್‌ಸಿಎ ಸ್ಟುಡಿಯೋ ಬಿ ನೋಡಬೇಕಾದರೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮ್ಯೂಸಿಯಂನಲ್ಲೇ ಟಿಕೆಟ್ ತಗೋಬೇಕು. ಅವರದೇ ಬಸ್ಸು ಕರೆದೊಯ್ಯುತ್ತದೆ. ಹೊರಗಿನಿಂದ ನೋಡಿದರೆ ಗೋಡೌನ್ ಅನ್ನಬೇಕು. ಗೈಡ್ ನಮ್ಮನ್ನು ಮೊದಲು ಹೊರಗಿನ ಇಟ್ಟಿಗೆ ಗೋಡೆ ಹತ್ತಿರ ನಿಲ್ಲಿಸಿದರು. ಅಲ್ಲೊಂದು ಏಟಿನ ಗುರುತು. ಹೊಸದಾಗಿ ಬಂದ ಡಾಲಿ ರೆಕಾರ್ಡಿಂಗಿಗೆ ತಡವಾಯಿತೆಂದು ಗಡಿಬಿಡಿಯಲ್ಲಿ ಕಾರು ತಂದು ಗೋಡೆಗೇ ಗುದ್ದಿದರಂತೆ. ಚಿಕ್ಕಮ್ಮ ಆ ಇಟ್ಟಿಗೆ ಮುಟ್ಟಿ ನೋಡಿದರು.

ಒಳಗೆ ನೆಲದ ಮೇಲೆ ನೀಲಿ ಗುರುತು. ಧ್ವನಿ ಚೆನ್ನಾಗಿ ಬರುವ ಜಾಗ ಅದು, ಹಾಡುಗಾರರನ್ನು ಅಲ್ಲಿ ನಿಲ್ಲಿಸುತ್ತಿದ್ದರು. ಇಲ್ಲಿನ ವಾದಕರು ಕಾರ್ಡ್‌ಗಳ, ಅಂದ್ರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಹೆಸರು ಬರೆಯದೆ ಒಂದು, ನಾಲ್ಕು, ಐದು ಎಂದು ನಂಬರ್ ಬರೆದುಕೊಳ್ಳುತ್ತಾರೆ. ಗಾಯಕರು ಶ್ರುತಿ ಏರಿಸಿ ಎಂದರೂ ಕಾಗದ ಬದಲಿಸಬೇಕಿಲ್ಲ. ಗೈಡ್ ಇದನ್ನು ವಿವರಿಸುತ್ತಿದ್ದರೆ ಚಿಕ್ಕಮ್ಮ ನನ್ನ ಕಿವಿಯಲ್ಲಿ, "ನಮ್ಮ ಸರಿಗಮ ಇನ್ನೇನು ಮತ್ತೆ? ಶ್ರುತಿ ಯಾವುದಾದ್ರೂ ಸ ಅಂದ್ರೆ ಸನೇ ಅಲ್ವಾ" ಎಂದರು.

ಈ ಕೋಣೆಯಲ್ಲಿ 1973ರ ಮೇ ತಿಂಗಳಲ್ಲಿ "ಜೋಲೀನ್" ರೆಕಾರ್ಡ್ ಆಯಿತು. ಮುಂದಿನ ತಿಂಗಳೇ "ಐ ವಿಲ್ ಆಲ್ವೇಸ್ ಲವ್ ಯು". ಗಂಡನ ಜೊತೆ ಸಲಿಗೆಯಿಂದ ಮಾತಾಡುತ್ತಿದ್ದ ಬ್ಯಾಂಕಿನ ಹುಡುಗಿಯೊಬ್ಬಳು, ಹಸ್ತಾಕ್ಷರ ಕೇಳಲು ಬಂದ ಕೆಂಪು ಕೂದಲಿನ ಮಗುವಿನ ಹೆಸರು, ಎರಡೂ ಕೂಡಿ "ಜೋಲೀನ್" ಆಯಿತು. ಇನ್ನೊಂದು ಹಾಡಿನ ಹಿಂದೆ ಪೋರ್ಟರ್ ವ್ಯಾಗನರ್ ಇದ್ದಾರೆ. 1967ರಲ್ಲಿ ಡಾಲಿಯನ್ನು ತಮ್ಮ ಟೀವಿ ಶೋಗೆ ಕರೆತಂದು ಹೆಸರು ಮಾಡಿಸಿದವರು ಅವರೇ. ಐದಾರು ವರ್ಷದ ಹೊತ್ತಿಗೆ ಡಾಲಿಗೆ ಬಿಟ್ಟು ಹೋಗಬೇಕಿತ್ತು, ಪೋರ್ಟರ್ ಬಿಡಲು ತಯಾರಿರಲಿಲ್ಲ. ಎಷ್ಟು ಹೇಳಿದರೂ ಮಾತು ಕೇಳುತ್ತಿರಲಿಲ್ಲ. ಕೊನೆಗೆ ಡಾಲಿ ಮನೆಗೆ ಹೋಗಿ ಹಾಡು ಬರೆದು, ಮಾರನೇ ದಿನ ಅವರೆದುರು ಕೂತು ಹಾಡಿದರು. ಪೋರ್ಟರ್ ಅತ್ತುಬಿಟ್ಟರು. ಹೋಗು, ಆದರೆ ಈ ಹಾಡು ನಾನೇ ಪ್ರೊಡ್ಯೂಸ್ ಮಾಡಬೇಕು ಎಂದರಂತೆ. ಕಣ್ಣೀರು ಆರಿದ ಮೇಲೆ, 1979ರಲ್ಲಿ, ಅದೇ ಪೋರ್ಟರ್ ಕೇಸೂ ಹಾಕಿದರು. ಕೋರ್ಟಿನ ಹೊರಗೆ ತೀರ್ಮಾನವಾಯಿತು. 2007ರಲ್ಲಿ ಅವರು ಸಾಯುವ ಕೆಲವು ತಿಂಗಳ ಮುಂಚೆ ಆಪ್ರಿಯಲ್ಲಿ ಡಾಲಿ ಈ ಹಾಡನ್ನು ಅವರೆದುರೇ ಮತ್ತೆ ಹಾಡಿದರು.

ಈ ಪ್ರವಾಸದಲ್ಲಿ ನನಗೆ ಬೇಕಾಗಿದ್ದ ಕಥೆ ಇದರ ಮುಂದಿನದು. ಎಲ್ವಿಸ್ ಪ್ರೆಸ್ಲಿಗೆ ಈ ಹಾಡು ತುಂಬಾ ಹಿಡಿಸಿತು, ಹಾಡಬೇಕು ಎಂದರು. ಡಾಲಿಗೆ ಆಕಾಶಕ್ಕೆ ಮೂರೇ ಗೇಣು. ರೆಕಾರ್ಡಿಂಗ್ ದಿನವೂ ಗೊತ್ತಾಗಿತ್ತು. ಅದಕ್ಕೆ ಮುಂಚೆ ಎಲ್ವಿಸ್ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಫೋನ್ ಬಂತು. ಎಲ್ವಿಸ್ ಹಾಡಬೇಕಾದರೆ ಹಾಡಿನ ಪಬ್ಲಿಷಿಂಗ್ ಹಕ್ಕಿನಲ್ಲಿ ಅರ್ಧ ಬರೆದುಕೊಡಬೇಕು, ಅದು ನಮ್ಮ ಪದ್ಧತಿ. ಡಾಲಿ ಆಗುವುದಿಲ್ಲ ಎಂದರು. ರಾತ್ರಿಯೆಲ್ಲ ಅತ್ತರಂತೆ. ಆದರೂ ಕೊಡಲಿಲ್ಲ.

ಸಂಗೀತದ ವ್ಯವಹಾರ ಹೀಗಿದೆ: ಹಾಡಿದವರಿಗೆ ಒಂದು ಪಾಲು, ಬರೆದವರಿಗೆ ಒಂದು ಪಾಲು, ಪಬ್ಲಿಷರ್‌ಗೆ ಒಂದು ಪಾಲು. ಯಾರು ಯಾವಾಗ ಹಾಡಿದರೂ ಬರೆದವರ ಪಾಲು, ಪಬ್ಲಿಷರ್ ಪಾಲು ಬರುತ್ತಲೇ ಇರುತ್ತದೆ. ನ್ಯಾಶ್‌ವಿಲ್‌ಗೆ ಬಂದ ಬಡ ಹುಡುಗ ಹುಡುಗಿಯರು ಮನೆ ಬಾಡಿಗೆಗೋಸ್ಕರ ಈ ಪಾಲು ಮಾರಿಕೊಂಡ ಕಥೆಗಳು ಬೇಕಾದಷ್ಟಿವೆ. ಡಾಲಿ ಇಪ್ಪತ್ತರ ವಯಸ್ಸಿನಲ್ಲೇ ಸೋದರಮಾವನ ಜೊತೆ ಸೇರಿ ಸ್ವಂತ ಪಬ್ಲಿಷಿಂಗ್ ಕಂಪನಿ ಮಾಡಿದ್ದರು. ವೇಷ ಮಾರಿದರು, ಊರು ಮಾರಿದರು, ಬಡತನವನ್ನೂ ಟಿಕೆಟ್ ಇಟ್ಟು ತೋರಿಸಿದರು. ಹಾಡಿನ ಪಹಣಿ ಮಾತ್ರ ಯಾರ ಕೈಗೂ ಕೊಡಲಿಲ್ಲ. ನಿನ್ನೆ ಮೊನ್ನೆಯ ಕಸಿವಿಸಿ ನನಗೆ ಇಲ್ಲಿ ಸ್ವಲ್ಪ ಇಳಿಯಿತು.

1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಸಿನಿಮಾಗೆ ಹಾಡಿದರು. ಹದಿನಾಲ್ಕು ವಾರ ಮೊದಲ ಸ್ಥಾನ. ಕಾರು ಓಡಿಸುತ್ತಿದ್ದಾಗ ರೇಡಿಯೋದಲ್ಲಿ ಮೊದಲ ಸಲ ಕೇಳಿ, ತನ್ನದೇ ಹಾಡು ಎಂದು ಹೊಳೆದು, ಡಾಲಿ ಗಾಡಿ ಪಕ್ಕಕ್ಕೆ ನಿಲ್ಲಿಸಿದರಂತೆ. ಬಂದ ದುಡ್ಡಲ್ಲಿ ಸ್ವಲ್ಪ ಹಾಕಿ ನ್ಯಾಶ್‌ವಿಲ್‌ನ ಕಪ್ಪು ಜನರ ಬಡಾವಣೆಯೊಂದರಲ್ಲಿ ಕಟ್ಟಡ ಕೊಂಡರು. ಅದು ವಿಟ್ನಿ ಕಟ್ಟಿಸಿದ ಮನೆ ಎಂದು ಹೇಳುತ್ತಾರೆ.

ಚಿಕ್ಕಮ್ಮ ಬಸ್ಸಿನಲ್ಲಿ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮವ್ವ ಬೀಸೋವಾಗ ಹಾಡು 'ಕಟ್ಟಿ' ಹಾಡ್ತಿದ್ಲು. ಮದುವೆ ಮನೇಲಿ ಊರೆಲ್ಲ ಅದನ್ನೇ ಹಾಡ್ತಿದ್ರು. ಯಾರು ಕಟ್ಟಿದ್ದು ಅಂತ ಒಬ್ರೂ ಕೇಳಲಿಲ್ಲ" ಎಂದರು. ತಂಗಿ, ಅವು ನಿಂಗೆ ಬರುತ್ತಾ ಎಂದು ಕೇಳಿದಳು. "ಎರಡು ಮೂರು ಬರುತ್ತೆ." ಹೋಟೆಲ್ ರೂಮಿಗೆ ಬಂದ ಮೇಲೆ ತಂಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಫೈಲಿಗೆ ಅಜ್ಜಿಯ ಹೆಸರನ್ನೇ ಇಟ್ಟಳು.

ಸಂಜೆ ಬ್ಲೂಬರ್ಡ್ ಕೆಫೆ. ಅಂಗಡಿ ಸಾಲಿನಲ್ಲಿ ಕ್ಷೌರದಂಗಡಿ ಪಕ್ಕದಲ್ಲಿ ಇರಬಹುದಾದಂಥ ಸಣ್ಣ ಜಾಗ, 90 ಸೀಟು. ಟಿಕೆಟ್ ನಿಮಿಷಗಳಲ್ಲಿ ಖಾಲಿಯಾಗುತ್ತದೆ, ತಂಗಿ ಅಲಾರಾಂ ಇಟ್ಟುಕೊಂಡು ಹಿಡಿದಿದ್ದಳು. ನಾಲ್ಕು ಜನ ಹಾಡು ಬರೆಯುವವರು ಕೋಣೆಯ ನಡುವೆ ಮುಖಾಮುಖಿ ಕೂರುತ್ತಾರೆ, ಸುತ್ತ ನಾವು. ಮಾತಾಡಿದರೆ "ಶ್" ಎನ್ನುತ್ತಾರೆ. ಒಬ್ಬರು ತಾವು ಬರೆದ ಹಾಡು ಎತ್ತಿಕೊಂಡರೆ, ಪಕ್ಕದ ಟೇಬಲ್ಲಿನವರು ತುಟಿ ಆಡಿಸುತ್ತಾ ಜೊತೆಗೂಡಿದರು. ರೇಡಿಯೋದಲ್ಲಿ ಇನ್ಯಾರೋ ಹಾಡಿ ಕೇಳಿದ ಹಾಡು. ಬರೆದವರ ಮುಖ ಅವರೂ ಇವತ್ತೇ ನೋಡಿದ್ದು.

ಭಾನುವಾರ: ರಿಂಗೋಲ್ಡ್

ಬೆಳಿಗ್ಗೆ ಬೆಲ್‌ವ್ಯೂನ ಶ್ರೀ ಗಣೇಶ ದೇವಸ್ಥಾನ, ದರ್ಶನ, ಪ್ರಸಾದ. ಅಲ್ಲಿಂದ ಚಟನೂಗ ದಾಟಿ ಜಾರ್ಜಿಯಾಗೆ ಕಾಲಿಟ್ಟ ಕೂಡಲೇ ರಿಂಗೋಲ್ಡ್. ಹೆದ್ದಾರಿಯಿಂದ ಸ್ವಲ್ಪ ಒಳಗೆ, ತಿರುಗಿಸಿದೆವು.

ನ್ಯಾಶ್‌ವಿಲ್‌ಗೆ ಬಂದ ಮೊದಲ ದಿನವೇ ಡಾಲಿ ಮೈಲಿಗೆ ಬಟ್ಟೆ ಚೀಲ ಹಿಡಿದು ವಿಶಿ ವಾಶಿ ಎಂಬ ಲಾಂಡ್ರಿಗೆ ಹೋಗಿದ್ದರು. ಹೊರಗೆ ಗಾಡಿಯಲ್ಲಿ ಹೋಗುತ್ತಿದ್ದ ಹುಡುಗ ಬಿಸಿಲಲ್ಲಿ ಮೈ ಸುಟ್ಟುಕೊಳ್ತೀಯ ಎಂದು ಮಾತಿಗೆಳೆದ. ಕಾರ್ಲ್ ಡೀನ್, ರಸ್ತೆಗೆ ಡಾಂಬರು ಹಾಕಿಸುವ ಕಾಂಟ್ರಾಕ್ಟರ್. ಎರಡು ವರ್ಷಕ್ಕೆ ಮದುವೆ ನಿಶ್ಚಯವಾದಾಗ ರೆಕಾರ್ಡ್ ಕಂಪನಿಯವರು ಇನ್ನೊಂದು ವರ್ಷ ತಡಿ, ಮದುವೆಯಾದರೆ ಮಾರ್ಕೆಟ್ ಬೀಳುತ್ತೆ ಎಂದರು. ಟೆನಿಸ್ಸಿಯಲ್ಲಿ ಮಾಡಿಕೊಂಡರೆ ಪೇಪರಿಗೆ ಬರುತ್ತದೆ. ಅದಕ್ಕೇ ಗಡಿ ದಾಟಿ ಇಲ್ಲಿಗೆ ಬಂದರು. 1966ರ ಮೇ 30, ಇದೇ ಊರಿನ ಬ್ಯಾಪ್ಟಿಸ್ಟ್ ಚರ್ಚು. ಮನೆ ಕಡೆಯವರೆಂದರೆ ಡಾಲಿಯ ಅಮ್ಮ ಒಬ್ಬರೇ.

"ಗಂಡ ಯಾವತ್ತೂ ಸ್ಟೇಜ್ ಹತ್ತಲಿಲ್ವಾ?" ಚಿಕ್ಕಮ್ಮನ ಪ್ರಶ್ನೆ.

ಹತ್ತಲಿಲ್ಲ. ಅದೇ ವರ್ಷ ಡಾಲಿ ಮತ್ತು ಮಾವ ಬಿಲ್ ಬರೆದ ಹಾಡಿಗೆ ಪ್ರಶಸ್ತಿ ಬಂದಾಗ ಒಂದು ಸಲ ಸೂಟು ಹಾಕಿಕೊಂಡು ಸಮಾರಂಭಕ್ಕೆ ಹೋದರು. ಹೊರಗೆ ಬಂದವರೇ ಟೈ ಕಿತ್ತು, ಇನ್ನು ಇಂಥದ್ದಕ್ಕೆಲ್ಲ ನನ್ನ ಕರೀಬೇಡ ಎಂದರು. ಅರವತ್ತು ವರ್ಷಕ್ಕೆ ಸ್ವಲ್ಪ ಕಡಿಮೆ ಸಂಸಾರ ಮಾಡಿದರು, 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ಇಷ್ಟು ದೊಡ್ಡ ಹೆಸರಿನ ಹೆಂಡತಿ ಪಕ್ಕದಲ್ಲಿ ನಿಂತ ಅವರ ಫೋಟೋಗಳು ಬೆರಳೆಣಿಕೆಯಷ್ಟು.

"ಬುದ್ಧಿವಂತ" ಎಂದರು ಚಿಕ್ಕಮ್ಮ. ಮಂಡಕ್ಕಿ ಚೀಲದ ತಳ ಕೆರೆದು ಮೂರು ಪಾಲು ಮಾಡಿದರು.

ಅಟ್ಲಾಂಟ ಹತ್ತಿರ ಬರುತ್ತಿದ್ದಂತೆ ಟ್ರಾಫಿಕ್ ನಿಂತೇಹೋಯಿತು. ತಂಗಿ ವಿಟ್ನಿ ಹಾಡಿದ್ದು ಹಾಕಿದಳು. ಚಿಕ್ಕಮ್ಮ ಅರ್ಧ ಕೇಳಿ, ಗಂಟಲು ಚೆನ್ನಾಗಿದೆ, ಆದರೆ ಬರೆದವಳದ್ದೇ ಹಾಕು ಎಂದರು. ತಂಗಿಗೆ ಸಿಟ್ಟು. ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ. ಮ್ಯಾಪ್ ಇನ್ನೂ ಐವತ್ತು ನಿಮಿಷ ತೋರಿಸುತ್ತಿತ್ತು, ಎರಡನ್ನೂ ಕೇಳಲು ಬೇಕಾದಷ್ಟು ಟೈಮ್ ಇತ್ತು.